ಖುಲಾಸೆಯಾದರೂ ಅಳಿಯದ ಕಳಂಕ

ಅಪರಾಧದ ದಾಖಲೆಯನ್ನು ಯಾರೆಲ್ಲ ನೋಡಬಹುದು? ಅಧಿಕಾರ ಬಯಸುವವನ ದಾಖಲೆ ಬಹಿರಂಗವಾಗಲೇಬೇಕು ಎಂಬುದು ನಮ್ಮ ನಿಲುವು. ಅಭ್ಯರ್ಥಿಗಳು ತಮ್ಮ ಅಪರಾಧ ಹಿನ್ನೆಲೆಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ್ದು ಸ್ವಾಗತಾರ್ಹ. ಮತ ಕೇಳುವವನಿಗೆ ಮುಚ್ಚಿಡುವ ಹಕ್ಕಿಲ್ಲ.

ಆದರೆ ನ್ಯಾಯಾಲಯವೇ ಖುಲಾಸೆಗೊಳಿಸಿದ ಸಾಮಾನ್ಯನ ಗತಿಯೇನು? 2022ರ ಅಪರಾಧ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆಯ ಪ್ರಕಾರ ಬೆರಳಚ್ಚು ಮುಂತಾದ ಗುರುತುಗಳು 75 ವರ್ಷ ಕಡತದಲ್ಲಿರುತ್ತವೆ. ಹಿಂದೆ ಶಿಕ್ಷೆಯಾಗಿರದವನು ಖುಲಾಸೆಯಾದರೆ ಅವನ್ನು ನಾಶಪಡಿಸಬೇಕು ನಿಜ. ಆದರೆ ಮೇಲ್ಮನವಿಗಳೆಲ್ಲ ಮುಗಿದ ಬಳಿಕ, ಅದೂ ನ್ಯಾಯಾಲಯ ಬೇರೆ ಆದೇಶ ನೀಡದಿದ್ದರೆ ಮಾತ್ರ. ಪೊಲೀಸರ ಹಿಸ್ಟರಿ ಶೀಟ್ ಆಂತರಿಕ ದಾಖಲೆಯೇ ಹೊರತು ಸಾರ್ವಜನಿಕ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಆರೋಪವನ್ನೇ ಅಪರಾಧವೆಂದು ಬಗೆಯುವ ಆಡಳಿತ ನ್ಯಾಯಾಲಯವನ್ನೇ ಅವಮಾನಿಸುತ್ತದೆ.

ಪೊಲೀಸರನ್ನು ದೂರುವ ನಾವು ನಮ್ಮ ಮೊಹಲ್ಲಾಗಳನ್ನೂ ನೋಡಿಕೊಳ್ಳಬೇಕು. ಖುಲಾಸೆಯಾಗಿ ಬಂದ ಯುವಕನಿಗೆ ಹೆಣ್ಣು ಕೊಡಲು, ಅಂಗಡಿಯಲ್ಲಿ ಕೆಲಸ ಕೊಡಲು ಹಿಂಜರಿಯುವವರು ಯಾರು? ನಾವೇ ಅಲ್ಲವೇ? ಗುಮಾನಿ, ಗೂಢಚರ್ಯೆ, ಪರದೂಷಣೆಗಳನ್ನು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ನಿಷೇಧಿಸಿದೆ. ಕಡತ ಅಳಿಸೆಂದು ಸರಕಾರವನ್ನು ಆಗ್ರಹಿಸೋಣ. ಅದಕ್ಕೂ ಮೊದಲು ನಮ್ಮ ನಾಲಗೆಯನ್ನು ಬಿಗಿಹಿಡಿಯೋಣ.