ಮೂರನೆಯ ಚುಕ್ಕೆ

ಕಲಾವಿಭಾಗವನ್ನು ಸೇರಿದ ನಮ್ಮಲ್ಲನೇಕರಿಗೆ ಒಂದು ಗುಟ್ಟಿನ ಸಮಾಧಾನವಿದೆ: ಬೀಜಗಣಿತದ ಕಾಟ ಹತ್ತನೆಯ ತರಗತಿಗೇ ತೀರಿತು! ನಾನೂ ಆ ಗುಂಪಿನವನೇ. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಕರಿಹಲಗೆಯ ಮೇಲೆ ಬೇಡಿಕೆಯ ರೇಖೆ ಮೂಡಿದೊಡನೆ ನಾವು ಮಾಡುವುದೇನು? ಅದು ಎಡದಿಂದ ಬಲಕ್ಕೆ ಇಳಿಯುತ್ತದೆಂದು ಉರು ಹೊಡೆಯುತ್ತೇವೆ; ಏಕೆ ಇಳಿಯಿತು, ಎಷ್ಟು ಇಳಿಯಿತು ಎಂದು ಕೇಳುವುದಿಲ್ಲ. ಓದಲು ಬಾರದವನು ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೂ ಇದಕ್ಕೂ ನನಗೆ ಹೆಚ್ಚಿನ ಭೇದ ಕಾಣದು. ಸರಳರೇಖೆಯ ಸಮೀಕರಣವನ್ನು ಕಾಗದದ ಮೇಲೆ ಎಳೆಯುವ ವಿದ್ಯೆಯನ್ನು ನಾವೂ ಬಿಡಕೂಡದೆಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿಯೇ ನಡೆದ ಒಂದು ವಾದವನ್ನು ಹೇಳುತ್ತೇನೆ. ನಾವು ಕುರುಗೋಡಿನವರು, ನಮ್ಮ ಬೀಗರು ಸಿರುಗುಪ್ಪದವರು. ಫಸಲಿನ ಚೀಲಗಳನ್ನು ಬಳ್ಳಾರಿಗೆ ಸಾಗಿಸಲು ಯಾವ ಬಾಡಿಗೆ ಗಾಡಿ ಅಗ್ಗವೆಂಬುದು ಅವರಿಗೂ ನಮ್ಮ ತಂದೆಯವರಿಗೂ ಹಳೆಯ ಜಗಳ. ಲೆಕ್ಕಕ್ಕೆ ಸುಲಭವಾಗಲೆಂದು ದರಗಳನ್ನು ಹೀಗಿಟ್ಟುಕೊಳ್ಳೋಣ. ಒಬ್ಬನು ಗಾಡಿ ಹೊರಡಿಸುವುದಕ್ಕೇ ೪೦೦ ರೂಪಾಯಿ, ಅದರ ಮೇಲೆ ಕಿಲೋಮೀಟರಿಗೆ ೨೦ ಕೇಳುತ್ತಾನೆ. ಇನ್ನೊಬ್ಬನಿಗೆ ಹೊರಡಿಸುವ ಹಣವಿಲ್ಲ, ಕಿಲೋಮೀಟರಿಗೆ ೩೦.

ಗ್ರಾಫ್ ಕಾಗದದ ಅಡ್ಡಗೆರೆಯ ಮೇಲೆ ದೂರ, ನಿಂತ ಗೆರೆಯ ಮೇಲೆ ರೂಪಾಯಿ. ಮೊದಲನೆಯವನಿಗೆ ದೂರ ೦ ಆದಾಗ ೪೦೦, ೧೦ಕ್ಕೆ ೬೦೦, ೫೦ಕ್ಕೆ ೧೪೦೦. ಮೂರು ಚುಕ್ಕೆಗಳಿಟ್ಟು ಅಡಿಪಟ್ಟಿಯಿಂದ ಸೇರಿಸಿದರೆ ಗೆರೆ ಸಿದ್ಧ. ೪೦೦ ಎಂಬುದು ಗೆರೆ ಹೊರಡುವ ಎತ್ತರ. ೨೦ ಎಂಬುದು ಅದರ ಏರು. ಎರಡನೆಯವನ ಗೆರೆ ಮೂಲೆಯ ಸೊನ್ನೆಯಿಂದಲೇ ಹೊರಟು ಹೆಚ್ಚು ಕಡಿದಾಗಿ ಏರುತ್ತದೆ: ೨೦ಕ್ಕೆ ೬೦೦, ೫೦ಕ್ಕೆ ೧೫೦೦. ಎರಡೂ ಗೆರೆಗಳು ೪೦ ಕಿಲೋಮೀಟರಿನಲ್ಲಿ, ೧೨೦೦ ರೂಪಾಯಿಯ ಎತ್ತರದಲ್ಲಿ ಒಂದನ್ನೊಂದು ದಾಟುತ್ತವೆ. ಎಕ್ಸ್ ಎಂದರೆ ಹೆದರುವವರು ದೂರಕ್ಕೆ 'ದೂ' ಎಂದೇ ಹೆಸರಿಡಲಿ; ೪೦೦ + ೨೦ದೂ = ೩೦ದೂ ಎಂದು ಬಿಡಿಸಿದರೂ ಅದೇ ೪೦ ಬರುತ್ತದೆ.

ಬಳ್ಳಾರಿಯಿಂದ ಕುರುಗೋಡು ಸುಮಾರು ೩೦ ಕಿಲೋಮೀಟರು, ಸಿರುಗುಪ್ಪ ಸುಮಾರು ೫೫. ಒಂದೂರು ಆ ಚುಕ್ಕೆಗೆ ಈಚೆ, ಇನ್ನೊಂದು ಆಚೆ! ನಮಗೆ ಎರಡನೆಯವನೇ ನೂರು ರೂಪಾಯಿ ಅಗ್ಗ. ಬೀಗರಿಗೆ ಮೊದಲನೆಯವನು ನೂರೈವತ್ತು ಅಗ್ಗ. ಹಾಳೆಯನ್ನು ತಂದೆಯವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹಂಗಾದ್ರ ಅವರು ಹೇಳೋದೂ ಖರೇ, ನಾವು ಹೇಳೋದೂ ಖರೇ ಅನ್ನು" ಎಂದರು. ಜಗಳ ಅಲ್ಲಿಗೆ ನಿಂತಿತೆಂದು ಹೇಳಲಾರೆ.

ಗೆರೆಗೆ ಎರಡು ಚುಕ್ಕೆ ಸಾಲದೇ, ಮೂರನೆಯದೇಕೆ ಎಂದು ಮಿತ್ರನೊಬ್ಬನು ಕೇಳಿದನು. ಎರಡು ಚುಕ್ಕೆಗಳಿದ್ದರೆ ಗೆರೆ ಬಂದೇ ಬರುತ್ತದೆ. ಲೆಕ್ಕ ತಪ್ಪಾಗಿದ್ದರೂ ಬರುತ್ತದೆ. ತಪ್ಪನ್ನು ಹಿಡಿದುಕೊಡುವ ಸಾಕ್ಷಿ ಮೂರನೆಯದು. ನಮ್ಮ ತುಂಗಭದ್ರಾ ಜಲಾಶಯವನ್ನೇ ನೋಡಿ. ೧೯೫೩ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು ೧೩೩ ಟಿ.ಎಂ.ಸಿ.; ೨೦೦೮ರ ಅಳತೆಯಲ್ಲಿ ೧೦೦.೮೫೫. ಈ ಎರಡು ಚುಕ್ಕೆಗಳ ಮೇಲೆ ಗೆರೆ ಎಳೆದು ಮುಂದುವರಿಸಿದವನು ೨೦೧೬ಕ್ಕೆ ಸುಮಾರು ೯೬ ಎಂದು ಹೇಳುತ್ತಿದ್ದನು. ಆ ವರ್ಷದ ಅಳತೆ ಕೊಟ್ಟದ್ದು ೧೦೫.೭೮೮! ಹೂಳು ತಾನಾಗಿ ಎದ್ದು ಹೋಗಿರಲಾರದು. ಅಳೆದ ರೀತಿಯಲ್ಲೇ ವ್ಯತ್ಯಾಸವಿರಬೇಕು. ಹೂಳೂ ವರ್ಷಕ್ಕಿಷ್ಟೆಂದು ಸಮನಾಗಿ ಬರುವ ಪದಾರ್ಥವಲ್ಲ. ಗೆರೆ ಹೇಳಿದ್ದಕ್ಕೂ ಅಳತೆ ಹೇಳಿದ್ದಕ್ಕೂ ನಡುವೆ ಒಂಬತ್ತು ಟಿ.ಎಂ.ಸಿ.ಗೂ ಮಿಕ್ಕಿದ ಅಂತರ. ಕಾಲುವೆಯ ನೀರನ್ನು ನಂಬಿ ಭತ್ತ ನಾಟಿ ಮಾಡುವ ಸಿರುಗುಪ್ಪದ ರೈತನಿಗೆ ಅದು ಕಾಗದದ ಮೇಲಿನ ಅಂತರವಲ್ಲ.

ಬಾಡಿಗೆಯ ಲೆಕ್ಕ ಸರಳರೇಖೆಗೆ ಒಗ್ಗುತ್ತದೆ, ಹೂಳಿನದು ಒಗ್ಗುವುದಿಲ್ಲ. ಯಾವುದು ಒಗ್ಗುತ್ತದೆ, ಯಾವುದು ಒಗ್ಗದು ಎಂಬುದನ್ನು ಎಳೆದು ನೋಡದೆ ತಿಳಿಯುವ ಬಗೆ ನನಗಂತೂ ಗೊತ್ತಿಲ್ಲ. ಆದ್ದರಿಂದ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ: ಅರ್ಥಶಾಸ್ತ್ರದ ತರಗತಿಯಲ್ಲಿ ತಿಂಗಳಿಗೊಂದು ದಿನ ಗ್ರಾಫ್ ಹಾಳೆ ಹಂಚಿ, ನಮ್ಮ ನಮ್ಮ ಊರಿನ ಲೆಕ್ಕಗಳನ್ನು ನಮ್ಮ ಕೈಯಲ್ಲೇ ಎಳೆಸಿರಿ. ಪೆನ್ಸಿಲು, ಅಡಿಪಟ್ಟಿ ನಾವೇ ತರುತ್ತೇವೆ.