ಬಾರ್ಶಿ ಗಾಡಿಗೆ ಕಪಾಟಿನಲ್ಲೊಂದು ಜಾಗ

ಪರವೂರಿಗೆ ಹೋದವರು ಅಲ್ಲಿನ ಗುಡಿ, ಕೋಟೆ, ಪೇಟೆಗಳನ್ನು ನೋಡಿ ಬರುವುದು ವಾಡಿಕೆ. ನಾನೂ ನೋಡುತ್ತೇನೆ. ಅದರ ಜೊತೆಗೆ, ಆ ಊರಿನಲ್ಲಿ ಮಾದರಿ ರೈಲುಗಳನ್ನು ಮಾರುವ ಅಂಗಡಿಯೇನಾದರೂ ಇದೆಯೇ ಎಂದು ವಿಚಾರಿಸುವುದು ನನ್ನ ಹಳೆಯ ಅಭ್ಯಾಸ. ಕಳೆದ ವರ್ಷ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಹೋದಾಗ ಇಂಥ ನಾಲ್ಕು ಅಂಗಡಿಗಳನ್ನು ನೋಡುವ ಅವಕಾಶ ಒದಗಿತು. ಅಲ್ಲಿ ಕಂಡದ್ದಕ್ಕೂ ನಮ್ಮ ಸೊಲ್ಲಾಪುರ ಸೀಮೆಗೂ ಇರುವ ಒಂದು ನಂಟನ್ನು ಈ ವಾರ ಓದುಗರ, ವಿಶೇಷವಾಗಿ ನಮ್ಮ ಕನ್ನಡ ಶಾಲೆಗಳ ಮಕ್ಕಳ ಹಾಗೂ ಪಾಲಕರ ಮುಂದಿಡಬಯಸುತ್ತೇನೆ.

ಆಟಿಕೆಯ ಅಂಗಡಿಯೆಂದು ಭಾವಿಸಿ ಒಳಹೊಕ್ಕವರಿಗೆ ಮೊದಲು ಆಶ್ಚರ್ಯವಾಗುವುದು ಗಿರಾಕಿಗಳನ್ನು ಕಂಡು. ಹೆಚ್ಚಿನವರು ನರೆತ ತಲೆಯವರು. ಗಾಜಿನ ಕಪಾಟಿನ ಮುಂದೆ ಬಗ್ಗಿ ನಿಂತು, ಅಂಗೈಯುದ್ದದ ಇಂಜಿನ್ನೊಂದರ ಗಾಲಿಯ ಕಡ್ಡಿಗಳನ್ನು ಎಣಿಸುತ್ತಿರುತ್ತಾರೆ. ಒಂದು ಗೋಡೆಗೆ ಹೊಸ ಸರಕು, ಇನ್ನೊಂದಕ್ಕೆ ಯಾರದೋ ಮನೆಯಿಂದ ಮಾರಾಟಕ್ಕೆ ಬಂದ ಹಳೆಯ ಸರಕು. ಹಳಿಯ ತುಂಡುಗಳು, ಬಣ್ಣದ ಪುಟ್ಟ ಡಬ್ಬಿಗಳು, ಗುಂಡುಸೂಜಿಯಷ್ಟು ತೆಳ್ಳಗಿನ ಸಿಗ್ನಲ್ ಕಂಬಗಳು, ಒಂದಂಗುಲವೂ ಎತ್ತರವಿಲ್ಲದ ಹಮಾಲರು ಮತ್ತು ಪ್ರಯಾಣಿಕರು. ಗಲ್ಲೆಯ ಪಕ್ಕದಲ್ಲಿ ಮೂರು ನಾಲ್ಕು ಅಡಿ ಉದ್ದದ ಹಳಿಯೊಂದನ್ನು ಹಾಕಿರುತ್ತಾರೆ. ಕೊಳ್ಳುವ ಮುನ್ನ ಕೇಳಿದರೆ ಅಂಗಡಿಯಾತ ಇಂಜಿನ್ನನ್ನು ಅದರ ಮೇಲಿಟ್ಟು ಓಡಿಸಿ ತೋರಿಸುತ್ತಾನೆ. ಸೂಕ್ಷ್ಮ ಕೆಲಸದ ಹೊಸ ಉಗಿ ಇಂಜಿನ್ನಿಗೆ ನೂರೈವತ್ತು ಪೌಂಡಿಗೂ ಮೇಲೆ ತೆರಬೇಕಾದೀತು. ಆದರೆ ನೋಡುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ ಹಣ ಬೇಕಿಲ್ಲ.

ಇಂಥ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎರಡು ಅಳತೆಗಳನ್ನು ಕುರಿತದ್ದು. ನಿಜವಾದ ರೈಲನ್ನು ಎಷ್ಟು ಪಟ್ಟು ಚಿಕ್ಕದಾಗಿಸಿದ್ದಾರೆ ಎಂಬುದು ಪ್ರಮಾಣ. ಎರಡು ಹಳಿಗಳ ನಡುವಿನ ಅಂತರವೆಷ್ಟು ಎಂಬುದು ಗೇಜು. ಬ್ರಿಟನ್ನಿನಲ್ಲಿ ಬಹುಜನರು ಬಳಸುವುದು ‘ಡಬಲ್ ಓ’ ಎಂಬ ಪ್ರಮಾಣ. ಅದರ ಲೆಕ್ಕ ಬಹಳ ಸುಲಭ: ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಒಂದು ಅಡಿಯೆಂದರೆ 304.8 ಮಿಲಿಮೀಟರ್ ಆದುದರಿಂದ ಪ್ರಮಾಣ 1:76.2 ಆಗುತ್ತದೆ. ಐದೂವರೆ ಅಡಿಯ ಮನುಷ್ಯ ಅಲ್ಲಿ 22 ಮಿಲಿಮೀಟರಿನವನು. ನಲವತ್ತು ಅಡಿಯ ನಿಲ್ದಾಣದ ಕಟ್ಟಡ 16 ಸೆಂಟಿಮೀಟರ್. ಆರುನೂರು ಅಡಿಯ ಪ್ಲಾಟ್‌ಫಾರ್ಮನ್ನು ಮಾತ್ರ ಹಾಗೆಯೇ ಮಾಡಹೊರಟರೆ ಸುಮಾರು ಎಂಟಡಿಯ ಮೇಜು ಬೇಕು. ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಮೊಟಕುಗೊಳಿಸಬೇಕು ಎಂಬ ವಿವೇಚನೆ ಮಾದರಿ ಮಾಡುವವನಿಗೆ ಮೊದಲ ದಿನದಿಂದಲೇ ಬೇಕಾಗುತ್ತದೆ.

ಗೇಜಿನ ವಿಷಯ ಇನ್ನೂ ಸ್ವಾರಸ್ಯದ್ದು. ಬ್ರಿಟನ್ನಿನ ನಿಜವಾದ ಹಳಿಗಳ ಅಂತರ 4 ಅಡಿ 8½ ಅಂಗುಲ. ಅಡಿಗೆ 4 ಮಿಲಿಮೀಟರಿನಂತೆ ಅದು 18.83 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಮಾರುವ ಹಳಿಯ ಅಂತರವೋ 16.5 ಮಿಲಿಮೀಟರ್. ಯುರೋಪಿನ ಇತರ ದೇಶಗಳ 1:87 ಪ್ರಮಾಣಕ್ಕೆ ಸರಿಹೊಂದುವ ಹಳಿ ಇದು. ಆದರೆ ಬ್ರಿಟನ್ನಿನ ಇಂಜಿನ್ನುಗಳು ಮೈಯಲ್ಲಿ ಚಿಕ್ಕವು. ಆ ಪ್ರಮಾಣದಲ್ಲಿ ಮಾಡಿದರೆ ಅಂದಿನ ವಿದ್ಯುತ್ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೈಯನ್ನು ಹಿಗ್ಗಿಸಿ, ಹಳಿಯನ್ನು ಇದ್ದಂತೆಯೇ ಬಿಟ್ಟರು. ಫ್ರಾಂಕ್ ಹಾರ್ನ್‌ಬಿಯ ಸಂಸ್ಥೆ 1938ರಲ್ಲಿ ‘ಹಾರ್ನ್‌ಬಿ ಡಬ್ಲೋ’ ಎಂಬ ಹೆಸರಿನಿಂದ ಇದನ್ನು ಮನೆಮನೆಗೆ ಮುಟ್ಟಿಸಿತು. ಮೋಟಾರುಗಳು ಕಡಲೆಕಾಯಿಯಷ್ಟು ಚಿಕ್ಕದಾದ ಇಂದಿಗೂ ಆ ರಾಜಿ ಜಾರಿಯಲ್ಲಿದೆ. ಕಾರಣ ಇಲ್ಲವಾದ ಮೇಲೂ ರೂಢಿ ಉಳಿದುಕೊಳ್ಳುವುದನ್ನು ನ್ಯಾಯಾಲಯಗಳಲ್ಲಿ ದಿನವೂ ಕಾಣುವ ನನಗೆ ಇದು ಹೊಸದೆನಿಸಲಿಲ್ಲ.

ಇಷ್ಟನ್ನು ತಿಳಿದ ಮೇಲೆ ನೋಡಬೇಕಾದದ್ದು, ಆ ಅಂಗಡಿ ತನ್ನ ಸೀಮೆಯ ಯಾವ ವಸ್ತುಗಳನ್ನು ಇಟ್ಟಿದೆ ಎಂಬುದನ್ನು. ದೊಡ್ಡ ಕಂಪನಿಗಳ ಇಂಜಿನ್ನುಗಳು ಎಲ್ಲ ಅಂಗಡಿಗಳಲ್ಲಿಯೂ ಒಂದೇ. ಮೂಲೆಯ ಕಪಾಟಿನಲ್ಲಿ ಮಾತ್ರ ಆಯಾ ಸೀಮೆಯ ಗುರುತು ಸಿಗುತ್ತದೆ. ಯಾರ್ಕ್‌ಶೈರಿನ ಅಂಗಡಿಗಳಲ್ಲಿ ಅಲ್ಲಿಯದೇ ಸ್ಕಿಪ್ಟನ್ ಬಳಿಯ ಮೆಟ್‌ಕಾಫ್ ಸಂಸ್ಥೆಯ ರಟ್ಟಿನ ಕಟ್ಟಡಗಳು ಸಾಲಾಗಿ ತೂಗುತ್ತಿದ್ದವು. ಇಟ್ಟಿಗೆ ಕಲ್ಲುಗಳ ವಿನ್ಯಾಸವನ್ನು ರಟ್ಟಿನ ಮೇಲೆ ಮುದ್ರಿಸಿರುತ್ತಾರೆ. ಕತ್ತರಿಸಿ, ಮಡಿಸಿ, ಅಂಟಿಸಿದರೆ ನಿಲ್ದಾಣ, ಸಿಗ್ನಲ್ ಕೋಣೆ, ಕೂಲಿಕಾರರ ಸಾಲುಮನೆ ಸಿದ್ಧವಾಗುತ್ತವೆ. ಪಕ್ಕದಲ್ಲಿ ಎಂದೋ ಮುಚ್ಚಿಹೋದ ಸಣ್ಣ ಸಣ್ಣ ರೈಲು ಮಾರ್ಗಗಳ ಪುಸ್ತಕಗಳು, ನಕ್ಷೆಗಳು, ಇಂಜಿನ್ನುಗಳ ಅಳತೆಯ ಚಿತ್ರಗಳು. ಅವುಗಳ ನಡುವೆ ‘ಲೀಕ್ ಆ್ಯಂಡ್ ಮ್ಯಾನಿಫೋಲ್ಡ್’ ಎಂಬ ಹೆಸರನ್ನು ಕಂಡು ನಾನು ನಿಂತೆ.

ಏಕೆಂದರೆ ಆ ಮಾರ್ಗ ನಮ್ಮ ಬಾರ್ಶಿ ರೈಲಿನ ತಂಗಿ.

ನಮ್ಮ ಹಿರಿಯರು ‘ಬಾರ್ಶಿ ಲೈಟ್’ ಎಂದು ಕರೆಯುತ್ತಿದ್ದ ರೈಲನ್ನು ಕಟ್ಟಿದವನು ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್. 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರನಾಗಿ ಬಂದ ಅವನು, ದೊಡ್ಡ ಮಾರ್ಗಕ್ಕೆ ಹಣವಿಲ್ಲದ ಕಡೆಗಳಲ್ಲಿ ಎರಡೂವರೆ ಅಡಿ ಗೇಜಿನ ಹಗುರ ಹಳಿಯೇ ಸಾಕೆಂದು ವಾದಿಸಿದ. ಇಂಜಿನ್ ಇರಲಿ, ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಲ್ಲವನ್ನೂ ರೂಪಿಸಿದ. ಭಾರವನ್ನು ಹಂಚಿದರೆ ಹಗುರ ಹಳಿಯೂ ದೊಡ್ಡ ಹೊರೆಯನ್ನು ತಾಳಬಲ್ಲದು ಎಂಬುದು ಅವನ ಸೂತ್ರ. ಮೊದಲ ಇಂಜಿನ್ನುಗಳು ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆಯಲ್ಲಿ ತಯಾರಾದವು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಯವರೆಗೆ ಗಾಡಿ ಓಡಿತು. 1906ರಲ್ಲಿ ಅದು ಪಂಢರಪುರವನ್ನು, 1911ರಲ್ಲಿ ಲಾತೂರನ್ನು, 1927ರಲ್ಲಿ ಮಿರಜವನ್ನು ಮುಟ್ಟಿತು. ಒಟ್ಟು ಉದ್ದ ಸುಮಾರು 325 ಕಿಲೋಮೀಟರ್. ನಮ್ಮ ಜತ್ತ ತಾಲೂಕಿನವರಿಗೆ ಪರಿಚಿತವಾದ ಜತ್ತ ರೋಡ್ ನಿಲ್ದಾಣ ಈ ಮಿರಜ ಶಾಖೆಯ ಮೇಲಿನದೇ. 1954ರಲ್ಲಿ ಮಾರ್ಗ ಸರಕಾರದ ವಶಕ್ಕೆ ಬಂತು. ಹೊಸ ಶತಮಾನದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು.

ಬಾರ್ಶಿಯಲ್ಲಿ ಗೆದ್ದ ಕ್ಯಾಲ್‌ಥ್ರಾಪ್ ಅದೇ ವಿದ್ಯೆಯನ್ನು ತನ್ನ ನಾಡಿಗೆ ಒಯ್ದ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ 1904ರಲ್ಲಿ ಲೀಕ್ ಆ್ಯಂಡ್ ಮ್ಯಾನಿಫೋಲ್ಡ್ ಮಾರ್ಗ ಪ್ರಾರಂಭವಾಯಿತು. ಅದೇ ಎರಡೂವರೆ ಅಡಿ ಗೇಜು, ಅದೇ ಕಿಟ್ಸನ್ ಕಾರ್ಖಾನೆಯ ಇಂಜಿನ್ನುಗಳು. ಇಂಜಿನ್ನಿನ ಮುಂಭಾಗದಲ್ಲಿ ಉಷ್ಣದೇಶಗಳ ಪದ್ಧತಿಯ ದೊಡ್ಡ ದೀಪವನ್ನೂ ಇರಿಸಿದ್ದರು. ಉದ್ದ ಮಾತ್ರ ಹದಿಮೂರು ಕಿಲೋಮೀಟರ್. ಮೂವತ್ತು ವರ್ಷ ಓಡಿ 1934ರಲ್ಲಿ ಅದು ಮುಚ್ಚಿತು. ಹಳಿಯಿದ್ದ ದಾರಿಯಲ್ಲಿ ಇಂದು ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ.

ಹದಿಮೂರು ಕಿಲೋಮೀಟರಿನ ತಂಗಿಗೆ, ಸತ್ತು ತೊಂಬತ್ತು ವರ್ಷಗಳಾದ ಮೇಲೂ ಅಂಗಡಿಯ ಕಪಾಟಿನಲ್ಲಿ ಜಾಗವಿದೆ. ನೂರು ವರ್ಷಗಳಿಗೂ ಮಿಕ್ಕಿ, ಮೂರು ನೂರು ಕಿಲೋಮೀಟರಿಗೂ ಮಿಕ್ಕಿ ಓಡಿ, ವಾರಕರಿಗಳನ್ನು ವಿಠೋಬನ ಸನ್ನಿಧಿಗೆ ಮುಟ್ಟಿಸಿದ ಅಕ್ಕನ ಮಾದರಿಯನ್ನು ನಾನು ನೋಡಿದ ಯಾವ ಕಪಾಟಿನಲ್ಲಿಯೂ ಕಾಣಲಿಲ್ಲ. ಇದರಲ್ಲಿ ಅಂಗಡಿಯವರ ಪಕ್ಷಪಾತವಿಲ್ಲ. ಅಂಗಡಿಯೆಂಬುದು ಕೊನೆಯ ಮೆಟ್ಟಿಲು. ಅದಕ್ಕೂ ಮುಂಚೆ ಯಾರೋ ಒಬ್ಬರು ನಿಲ್ದಾಣಕ್ಕೆ ಹೋಗಿ ಬಾಗಿಲಿನ ಎತ್ತರ ಅಳೆದಿರಬೇಕು, ಇನ್ನೊಬ್ಬರು ಡಬ್ಬಿಯ ಬಣ್ಣವನ್ನು ಬರೆದಿಟ್ಟಿರಬೇಕು, ಮತ್ತೊಬ್ಬರು ಗಾರ್ಡ್ ಆಗಿದ್ದ ಮುದುಕನ ಮಾತನ್ನು ಕೇಳಿ ಬರೆದುಕೊಂಡಿರಬೇಕು. ಆ ಕಾಗದಗಳು ಒಟ್ಟುಗೂಡಿದ ಮೇಲೆ ಪುಸ್ತಕ, ಪುಸ್ತಕದಿಂದ ನಕ್ಷೆ, ನಕ್ಷೆಯಿಂದ ಮಾದರಿ. ನಮ್ಮಲ್ಲಿ ಈ ಮೊದಲ ಮೆಟ್ಟಿಲಿನ ಕೆಲಸವೇ ಬಹುಪಾಲು ಬಾಕಿಯಿದೆ.

ಈ ಕೆಲಸವನ್ನು ನಮ್ಮ ಶಾಲೆಯ ಮಕ್ಕಳು ಮಾಡಬಲ್ಲರು. ಬೇಕಾಗುವುದು ಅಳತೆಯ ಟೇಪು, ಗ್ರಾಫ್ ಹಾಳೆ, ರಟ್ಟು, ಅಂಟು. ಅಡಿಗೆ 4 ಮಿಲಿಮೀಟರಿನ ಲೆಕ್ಕ ಹಿಡಿದರೆ ಬಾರ್ಶಿಯ ಎರಡೂವರೆ ಅಡಿ ಗೇಜು ಸರಿಯಾಗಿ 10 ಮಿಲಿಮೀಟರ್. ನಮ್ಮ ಐದೂವರೆ ಅಡಿಯ ಬ್ರಾಡ್‌ಗೇಜು ಸರಿಯಾಗಿ 22 ಮಿಲಿಮೀಟರ್. ಆರನೆಯ ಇಯತ್ತೆಯ ಮಗು ಕನ್ನಡದಲ್ಲಿ ಕಲಿತ ಅನುಪಾತದ ಪಾಠ ಇಷ್ಟಕ್ಕೆ ಸಾಕು. ಎರಡೂ ಹಳಿಗಳನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು ನೋಡಿದಾಗ, ಅಜ್ಜನ ಕಾಲದ ಗಾಡಿ ಎಷ್ಟು ಸಣ್ಣದಿತ್ತೆಂಬುದು ಅದರ ಕಣ್ಣಿಗೇ ಕಾಣುತ್ತದೆ.

ವಕೀಲನಾಗಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಅಧಿನಿಯಮದ 147ನೆಯ ಕಲಮಿನಡಿ ಅಪರಾಧ. ಅದಕ್ಕಿಂತ ಮಿಗಿಲಾಗಿ ಪ್ರಾಣಕ್ಕೆ ಅಪಾಯ. ಹಳಿಯ ಅಂತರ ನಮಗೆ ಗೊತ್ತೇ ಇದೆ, ಅಳೆಯಬೇಕಾಗಿಲ್ಲ. ಶಾಲೆಯ ಮುಖ್ಯಾಧ್ಯಾಪಕರ ಪತ್ರದೊಂದಿಗೆ ಸ್ಟೇಷನ್ ಮಾಸ್ತರರ ಅನುಮತಿ ಪಡೆದು, ಶಿಕ್ಷಕರ ಜೊತೆಯಲ್ಲಿಯೇ ಕಟ್ಟಡ, ಬೆಂಚು, ಬಾಗಿಲುಗಳನ್ನು ಅಳೆಯಬೇಕು. ಅದಕ್ಕೂ ಮುಂಚೆ ಮನೆಯ ಅಜ್ಜ ಅಜ್ಜಿಯರನ್ನು ಕೇಳಬೇಕು. ಗಾಡಿಯಲ್ಲಿ ಎಲ್ಲಿ ಕೂಡುತ್ತಿದ್ದಿರಿ? ಬುತ್ತಿ ಎಲ್ಲಿ ಬಿಚ್ಚುತ್ತಿದ್ದಿರಿ? ಡಬ್ಬಿಗೆ ಯಾವ ಬಣ್ಣವಿತ್ತು? ಆಷಾಢಿ ವಾರಿಗೆ ಹೋದಾಗ ಗದ್ದಲ ಎಷ್ಟಿರುತ್ತಿತ್ತು? ಅವರು ಹೇಳಿದ್ದನ್ನು ಅವರದೇ ಕನ್ನಡದಲ್ಲಿ, ನಡುವೆ ಬರುವ ಮರಾಠಿ ಶಬ್ದಗಳನ್ನೂ ಬಿಡದೆ ಬರೆದುಕೊಳ್ಳಬೇಕು. ಆ ಗಾಡಿಯಲ್ಲಿ ಓಡಾಡಿದವರ ಸಂಖ್ಯೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಇದರಿಂದ ಪರೀಕ್ಷೆಯಲ್ಲಿ ಎಷ್ಟು ಗುಣ ಬರುತ್ತದೆ ಎಂದು ಪಾಲಕರು ಕೇಳಿಯಾರು. ಬಾರದೆಯೂ ಇರಬಹುದು. ಗಡಿಯಾಚೆ ಮಕ್ಕಳನ್ನು ಕನ್ನಡದಲ್ಲಿ ಓದಿಸುವ ನಮಗೆ ಪ್ರತಿಯೊಂದು ಗುಣದ ಚಿಂತೆಯೂ ಇದ್ದೇ ಇರುತ್ತದೆ. ಅದನ್ನು ಹಗುರವಾಗಿ ನೋಡಲಾರೆ. ಆದರೆ ಸಂವಿಧಾನದ 29ನೆಯ ಅನುಚ್ಛೇದವನ್ನು ಪಾಲಕರು ನೆನೆಯಲಿ. ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನವರ್ಗಕ್ಕೆ ಅವನ್ನು ಕಾಪಾಡಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಕಾಪಾಡಿಕೊಡುವ ಹೊಣೆಯನ್ನು ಮಾತ್ರ ಬೇರೆ ಯಾರೂ ಬಂದು ಹೊರುವುದಿಲ್ಲ. ಇಪ್ಪತ್ತು ವರ್ಷಗಳ ವಕೀಲಿಯಲ್ಲಿ, ನ್ಯಾಯ ತಮ್ಮ ಕಡೆಗಿದ್ದೂ ಕಾಗದವಿಲ್ಲದ ಕಾರಣಕ್ಕೆ ಸೋತ ಕಕ್ಷಿದಾರರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ನಾವು ಇಲ್ಲಿಯವರು, ಈ ಗಾಡಿಯಲ್ಲಿ ಓಡಾಡಿದವರು, ಈ ನಿಲ್ದಾಣಗಳಲ್ಲಿ ಕನ್ನಡ ಮಾತಾಡಿದವರು ಎಂಬುದಕ್ಕೂ ಕಾಗದ ಬೇಕು. ಅದನ್ನು ಬರೆಯುವ ಅಭ್ಯಾಸ ಹತ್ತು ವರ್ಷದ ಮಗುವಿಗೆ ಬಂದರೆ, ಗುಣಪತ್ರಿಕೆಯಲ್ಲಿ ಕಾಣದಿದ್ದರೂ ಅದು ವಿದ್ಯೆಯೇ.

ಮಾದರಿ ರೈಲುಗಳನ್ನು ಕಣ್ಣಾರೆ ನೋಡಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ. ಅಲ್ಲಿಯೂ ಇಂಥ ಅಂಗಡಿಗಳು ಕಡಿಮೆಯಾಗುತ್ತಿವೆ. 1946ರಿಂದ ನಡೆದುಬಂದಿದ್ದ ಹ್ಯಾಟನ್ಸ್ ಎಂಬ ಪ್ರಸಿದ್ಧ ಅಂಗಡಿ 2024ರಲ್ಲಿ ಬಾಗಿಲು ಮುಚ್ಚುವುದಾಗಿ ಸಾರಿತು. ನಮಗೆ ಪುಣೆ ಹತ್ತಿರ. ಅಲ್ಲಿಯ ಕೋಥರೂಡ ಭಾಗದಲ್ಲಿ ಭಾವೂ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಮುಂದಿನ ಸಲ ಪುಣೆಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ‘ಇದರ ಪ್ರಮಾಣ ಎಷ್ಟು? ಗೇಜು ಎಷ್ಟು?’ ಎಂದು ಮಕ್ಕಳೇ ಕೇಳಲಿ.

ದೀಪಾವಳಿಯ ರಜೆಗೆ ಇನ್ನೂ ಸಮಯವಿದೆ. ಯಾವುದಾದರೂ ಕನ್ನಡ ಶಾಲೆಯ ಮಕ್ಕಳು ಬಾರ್ಶಿ ಮಾರ್ಗದ ಒಂದು ನಿಲ್ದಾಣವನ್ನು ಅಳೆದು, ರಟ್ಟಿನಲ್ಲಿ ಕಟ್ಟಿ, ಅದರೊಂದಿಗೆ ಅಜ್ಜ ಅಜ್ಜಿಯರ ನಾಲ್ಕು ಮಾತುಗಳನ್ನು ಬರೆದಿಟ್ಟರೆ, ಅದನ್ನು ನೋಡಲು ನಾನೇ ಆ ಶಾಲೆಗೆ ಬರುತ್ತೇನೆ. ಶಾಲೆಯ ಗಾಜಿನ ಕಪಾಟಿನಲ್ಲಿ ಅದಕ್ಕೊಂದು ಜಾಗ ಮಾಡಿಕೊಡುವಂತೆ ಮುಖ್ಯಾಧ್ಯಾಪಕರಲ್ಲಿ ಈಗಲೇ ವಿನಂತಿಸುತ್ತೇನೆ.