ಕನ್ನಡಿಯನ್ನೇ ಪೆಟ್ಟಿಗೆಯೆಂದು ನಂಬಿದ್ದೆ



ಕಳೆದ ಶ್ರಾವಣದಲ್ಲಿ ಸುರಪುರದಿಂದ ಹಳೆಯ ಶಿಷ್ಯೆಯೊಬ್ಬಳು ಫೋನು ಮಾಡಿದ್ದಳು. ಈಗ ಆಕೆಯೂ ಶಿಕ್ಷಕಿ. ತನ್ನ ಶಾಲೆಯ ಮಕ್ಕಳಿಗೆ ಬೀಸುವ ಕಲ್ಲಿನ ಪದಗಳನ್ನು ಕೇಳಿಸಬೇಕೆಂಬುದು ಅವಳ ಆಸೆ. "ಸರ, ನಿಮ್ಮ ಅಕ್ಕಾರು ಹಾಡಿದ್ದು ಮೊಬೈಲಿನ್ಯಾಗ ಅದ ಅಂದಿದ್ರಲ್ರಿ, ಅದನ್ನ ಕಳಸ್ರಿ" ಎಂದಳು. "ಈಗಿಂದೀಗ ಕಳಸ್ತೀನಿ ತಡಿಯವ್ವ" ಎಂದು ಬಹಳ ಗತ್ತಿನಿಂದ ಹೇಳಿ, ಟಿಪ್ಪಣಿಗಳ ಆ್ಯಪನ್ನು ತೆರೆದೆ. ಹುಡುಕಿದೆ. ಕನ್ನಡಕ ಬದಲಿಸಿ ಮತ್ತೆ ಹುಡುಕಿದೆ. ಅಕ್ಕನ ಹಾಡು ಅಲ್ಲಿರಲಿಲ್ಲ.

ನಿವೃತ್ತಿಯಾದ ಮೇಲೆ ನನ್ನ ಮಗ ಈ ಆ್ಯಪನ್ನು ಹಾಕಿಕೊಟ್ಟಿದ್ದ. ಆರು ವರ್ಷಗಳಲ್ಲಿ ಅದರಲ್ಲಿ 700ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆದಿಟ್ಟಿದ್ದೆ. ಶಹಾಪುರ, ಸುರಪುರ, ಯಾದಗಿರಿಯ ಶಾಲೆಗಳಲ್ಲಿ ಕಳೆದ ದಿನಗಳ ನೆನಪು, ನಮ್ಮ ಕಡೆಯ ಗಾದೆ, ಒಕ್ಕಲುತನದ ಮಾತು, ಮನೆತನದ ಹಿರಿಯರ ಹೆಸರು, ಎಲ್ಲವೂ ಅಲ್ಲಿದ್ದವು. ಜೊತೆಗೆ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ 40 ನಿಮಿಷಗಳ ಧ್ವನಿಯೂ ಇತ್ತು. ಅಕ್ಕ ತೀರಿಕೊಂಡು ಎರಡು ವರ್ಷವಾಗಿದೆ.

ಗಾಬರಿಯಿಂದ ಯಾದಗಿರಿಯಲ್ಲಿರುವ ಮಗನಿಗೆ ಹೇಳಿ, ಅವನ ಮನೆಯ ಟ್ಯಾಬಿನಲ್ಲಿ ನೋಡಿಸಿದೆ. ಅಲ್ಲಿಯೂ ನನ್ನದೇ ಖಾತೆ, ಅದೇ ಆ್ಯಪು. ಆದರೆ ಅಲ್ಲಿಯೂ ಹಾಡು ಇರಲಿಲ್ಲ. ಆಗ ನೆನಪಾಯಿತು: ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ, "ಮುತ್ಯಾ, ನಿನ್ನ ಫೋನಿನ್ಯಾಗ ಜಾಗಾನೇ ಉಳದಿಲ್ಲ. ಭಾರ ಇದ್ದವ ತೆಗದು ಹಗೂರ ಮಾಡ್ಲೇನು?" ಎಂದು ಕೇಳಿದ್ದ. ರೊಟ್ಟಿ ಮುರಿಯುತ್ತಿದ್ದ ನಾನು, ತಲೆಯೆತ್ತದೆ "ಮಾಡಪ್ಪ" ಎಂದಿದ್ದೆ. ಅವನು ದೊಡ್ಡ ದೊಡ್ಡ ಲಗತ್ತುಗಳಿದ್ದ ಟಿಪ್ಪಣಿಗಳನ್ನು ಅಳಿಸಿದ್ದ. ಆ್ಯಪಿನ ಕಸದ ಬುಟ್ಟಿಯಲ್ಲಿ ಅವು ಉಳಿಯುವ ಅವಧಿಯೂ ಮುಗಿದುಹೋಗಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿಯೇ ಮಾಡಿದ. ಆ್ಯಪು ಕೂಡ ಹೇಳಿದ್ದನ್ನಷ್ಟೇ ಮಾಡಿತು. ತಪ್ಪು ನನ್ನ ತಿಳಿವಳಿಕೆಯದು. ಫೋನಿನಲ್ಲಿ ಬರೆದದ್ದು ಕ್ಷಣದಲ್ಲಿ ಟ್ಯಾಬಿನಲ್ಲಿ ಮೂಡುವುದನ್ನು ಕಂಡು, ನನ್ನ ಬರಹಕ್ಕೆ ಎರಡು ಪ್ರತಿಗಳಿವೆ ಎಂದು ನಂಬಿದ್ದೆ. ಅದು ಕನ್ನಡಿಯಲ್ಲಿ ಕಂಡ ಪೆಟ್ಟಿಗೆಯನ್ನು ಎರಡನೆಯ ಪೆಟ್ಟಿಗೆಯೆಂದು ಎಣಿಸಿದಂತೆ. ಸಿಂಕ್ ಎಂಬುದು ಕನ್ನಡಿ. ಇಲ್ಲಿ ಬರೆದರೆ ಅಲ್ಲಿ ಕಾಣುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಬ್ಯಾಕಪ್ ಎಂದರೆ ನಮ್ಮ ಇಂದಿನ ತಪ್ಪು ತಲುಪಲಾರದ ಜಾಗದಲ್ಲಿರುವ ಪ್ರತಿ. ಇವೆರಡರ ವ್ಯತ್ಯಾಸವನ್ನು ನಾನು ಅಕ್ಕನ ದನಿಯನ್ನು ಕಳೆದುಕೊಂಡು ಕಲಿತೆ.

ಜಾಗದ ವಿಷಯವನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಯೂನಿಕೋಡಿನ ಬಹುಬಳಕೆಯ ರೂಪವಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. "ಅಕ್ಕ" ಎಂಬ ಪದದಲ್ಲಿ ಅ, ಕ, ವಿರಾಮಚಿಹ್ನೆಯಾದ ಹಲಂತ, ಮತ್ತೆ ಕ, ಹೀಗೆ 4 ಸಂಕೇತಗಳು. ಒಟ್ಟು 12 ಬೈಟು. ಒಂದು ಪುಟಕ್ಕೆ 1500 ಸಂಕೇತಗಳೆಂದರೂ 300 ಪುಟಗಳ ಪುಸ್ತಕವೊಂದು ಸುಮಾರು 1.35 ಎಂಬಿಯಲ್ಲಿ ಮುಗಿಯುತ್ತದೆ. ಮದುವೆಯ ಊಟದ ಎಲೆಯ ಒಂದು ಫೋಟೋ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಸಾಧಾರಣ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಒಂದು ಎಂಬಿಯಷ್ಟು ಬೇಕು. ಅಕ್ಕನ ಹಾಡು 40 ಎಂಬಿಯ ಒಳಗೇ ಇದ್ದೀತು. ನನ್ನ ಫೋನು ತುಂಬಿದ್ದು ನನ್ನ ಬರಹದಿಂದಲೂ ಅಲ್ಲ, ಅಕ್ಕನ ದನಿಯಿಂದಲೂ ಅಲ್ಲ. ದಿನ ಬೆಳಗಾದರೆ ಬರುವ ಶುಭೋದಯದ ಹೂವುಗಳಿಂದ, ಯಾರೋ ಕಳಿಸಿದ ವಿಡಿಯೋಗಳಿಂದ. ಅವುಗಳಲ್ಲಿ ಬಹುಪಾಲು ಇನ್ನೂ ಹಾಗೆಯೇ ಇದ್ದವು!

ನಮ್ಮ ಹಿರಿಯರಿಗೆ ಈ ವಿವೇಕ ಇತ್ತು. ಉಣ್ಣುವ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಿತ್ತುವ ಜೋಳವನ್ನು ಮಾತ್ರ ತೆನೆ ನೋಡಿ ಆರಿಸಿ, ಬೂದಿ ಬೆರೆಸಿ, ಬೇರೆ ಗಡಿಗೆಯಲ್ಲಿ ಇಡುತ್ತಿದ್ದರು. ಹಗೇವಿಗೆ ನೀರು ಇಳಿದರೂ ಮುಂದಿನ ಹಿಂಗಾರಿಗೆ ಬೀಜ ಉಳಿಯಬೇಕು. ಯಾವುದು ಬೀಜವೆಂದು ಆರಿಸುವ ಕೆಲಸವನ್ನು ಮನೆಯ ಹಿರಿಯರೇ ಮಾಡುತ್ತಿದ್ದರು, ರಜೆಗೆ ಬಂದ ಮಕ್ಕಳಿಗೆ ಒಪ್ಪಿಸುತ್ತಿರಲಿಲ್ಲ. ನಾನು ಒಪ್ಪಿಸಿದೆ.

ಇದಕ್ಕಿಂತ ಹಳೆಯ ಪಾಠವೊಂದು ನಮ್ಮ ಭೀಮಾ ತೀರದಲ್ಲಿಯೇ ಇದೆ. ನಿಮ್ಮಲ್ಲಿ ಬಹಳ ಮಂದಿ ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ ಹೋಗಿಬಂದವರು. 1986ರಲ್ಲಿ ಆ ಗುಡಿಯ ಆವರಣದ ಕಾಳಿಕಾ ಮಂದಿರದ ಛಾವಣಿ ಕುಸಿಯಿತು. ಆಗ ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀ ಲಿಪಿಯ ಬರಹ ಕಂಡಿತು. ಅದು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನ. ಮೂರ್ತಿಯನ್ನು ನಿಲ್ಲಿಸಲು ಯಾರೋ ನಡುವೆ ರಂಧ್ರ ಕೊರೆದಿದ್ದರು. ಆ ಜಾಗದ ಅಕ್ಷರಗಳು ಹೋಗಿದ್ದವು. ಕೊರೆದವರು ಕೆಟ್ಟವರೇನಲ್ಲ. ಅವರ ಕಣ್ಣಿಗೆ ಅದು ಗಟ್ಟಿಯಾದ ಒಂದು ಚಪ್ಪಡಿ, ನನ್ನ ಮೊಮ್ಮಗನ ಕಣ್ಣಿಗೆ ಅಕ್ಕನ ಹಾಡು ದೊಡ್ಡದೊಂದು ಫೈಲಾಗಿ ಕಂಡಂತೆ.

ಆದರೆ ಆ ಅಕ್ಷರಗಳು ಹೋದರೂ ಮಾತು ಹೋಗಲಿಲ್ಲ. ಸನ್ನತಿಯ ಕಲ್ಲಿನಲ್ಲಿ 12 ಮತ್ತು 14ನೆಯ ಶಿಲಾಶಾಸನಗಳ ಭಾಗಗಳಿವೆ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳಿವೆ. ಆ ಎರಡು ಪ್ರತ್ಯೇಕ ಶಾಸನಗಳು ದೂರದ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿಯೂ ಇವೆ. 12 ಮತ್ತು 14ನೆಯವು ಗುಜರಾತಿನ ಗಿರ್ನಾರದಲ್ಲಿಯೂ ಇವೆ. ಇಲ್ಲಿ ಅಳಿದದ್ದನ್ನು ವಿದ್ವಾಂಸರು ಅಲ್ಲಿಯದನ್ನು ಇಟ್ಟುಕೊಂಡು ಓದಬಲ್ಲರು. ಇನ್ನೂ ಸೋಜಿಗವೆಂದರೆ, 14ನೆಯ ಶಾಸನದ ವಿಷಯವೇ ಈ ಪ್ರತಿಗಳು. ಬರಹ ಕೆಲವೆಡೆ ಸಂಕ್ಷಿಪ್ತವಾಗಿದೆ, ಕೆಲವೆಡೆ ವಿಸ್ತಾರವಾಗಿದೆ, ಲಿಪಿಕಾರನ ತಪ್ಪಿನಿಂದ ಎಲ್ಲಿಯಾದರೂ ಅಪೂರ್ಣವಾಗಿರಲೂಬಹುದು ಎಂದು ಅದು ಒಪ್ಪಿಕೊಳ್ಳುತ್ತದೆ. ಚಕ್ರವರ್ತಿಯಾದವನೇ ಒಂದು ಕಲ್ಲನ್ನು ನಂಬಲಿಲ್ಲ. ನಾನು ಒಂದು ಖಾತೆಯನ್ನು ನಂಬಿ ನಿಶ್ಚಿಂತೆಯಿಂದ ಮಲಗಿದೆ.

ಇಂದಿನ ತಂತ್ರಜ್ಞರು ಇದನ್ನೇ "3-2-1" ನಿಯಮ ಎನ್ನುತ್ತಾರೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಇದನ್ನು ಪ್ರಚಾರಕ್ಕೆ ತಂದವರು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಆ ಪ್ರತಿ ಮುಂದೆಯೂ ಓದಲು ಬರುವಂತಿರಬೇಕು. 2004ರಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಸಿಡಿಯಲ್ಲಿ ಇಟ್ಟಿದ್ದ ನನ್ನ ಪಾಠಗಳನ್ನು ಮೊನ್ನೆ ತೆರೆಸಿದರೆ, ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಹಳೆಯ ಫಾಂಟು ಇಲ್ಲದೆ ಅದು ಕನ್ನಡವಾಗಲೊಲ್ಲದು. ಅಳಿಯ ಪರಿವರ್ತಕವೊಂದರಿಂದ ಯೂನಿಕೋಡಿಗೆ ತಿರುಗಿಸಿಕೊಟ್ಟ. ಒತ್ತಕ್ಷರಗಳನ್ನು ನಾನು ಕೆಂಪು ಪೆನ್ನು ಹಿಡಿದು ತಿದ್ದಿದೆ, ಹಳೆಯ ಅಭ್ಯಾಸ.

ಕಂಪನಿಯವರು ನೋಡಿಕೊಳ್ಳುತ್ತಾರಲ್ಲ ಎಂದು ಕೆಲವರು ಕೇಳಬಹುದು. ನೋಡಿಕೊಳ್ಳುತ್ತಾರೆ, ಅವರ ಕರಾರಿನ ಪ್ರಕಾರ. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಚಿತ್ರಗಳನ್ನೆಲ್ಲ ಖಾತೆಯ ಉಚಿತ ಮಿತಿಯೊಳಗೆ ಎಣಿಸತೊಡಗಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರಲ್ಲಿ ಪ್ರಕಟಿಸಿತು. ಇದರಲ್ಲಿ ಮೋಸವೇನೂ ಇಲ್ಲ. ಬಾಡಿಗೆ ಮನೆಗೆ ಮಾಲೀಕರ ಕರಾರು ಇದ್ದೇ ಇರುತ್ತದೆ. ಆದರೆ ನಾನು ಕಣ್ಣು ಮುಚ್ಚಿದ ಮೇಲೆ ಎರಡು ವರ್ಷ ಆ ಖಾತೆಯನ್ನು ಯಾರು ತೆರೆಯುತ್ತಾರೆ? ನಮ್ಮ ವಯಸ್ಸಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಈಗ ನಾನು ಪ್ರತಿ ಅಮಾವಾಸ್ಯೆಯಂದು ಒಂದು ಕೆಲಸ ಮಾಡುತ್ತೇನೆ. ಟಿಪ್ಪಣಿಗಳನ್ನೆಲ್ಲ ಆ್ಯಪಿನಿಂದ ಹೊರತೆಗೆಯುತ್ತೇನೆ. ಬಹುತೇಕ ಆ್ಯಪುಗಳಲ್ಲಿ "ಎಕ್ಸ್‌ಪೋರ್ಟ್" ಎಂಬ ಆಯ್ಕೆ ಇರುತ್ತದೆ. ಗೂಗಲಿನವರಿಗೆ "ಟೇಕ್‌ಔಟ್" ಎಂಬ ಸೌಲಭ್ಯವಿದೆ. ತೆಗೆದದ್ದನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಎರಡು ಟಿಪ್ಪಣಿಗಳನ್ನಾದರೂ ತೆರೆದು ಓದಿ ನೋಡುತ್ತೇನೆ. ಇನ್ನೊಂದು ಪ್ರತಿ ಯಾದಗಿರಿಯ ಮಗನ ಕಂಪ್ಯೂಟರಿಗೆ ಹೋಗುತ್ತದೆ. ಬೀಜದ ಜೋಳದಂಥ ಕೆಲವನ್ನು ಕಾಗದದ ಮೇಲೆ ಅಚ್ಚು ಹಾಕಿಸುತ್ತೇನೆ. ಬ್ಯಾಂಕಿನ ವಿವರ, ಗುಪ್ತಪದಗಳನ್ನು ಮಾತ್ರ ಈ ಪ್ರತಿಗಳಲ್ಲಿ ಸೇರಿಸುವುದಿಲ್ಲ. ಅಳಿಸುವ ಕೆಲಸವನ್ನೂ ಬಿಟ್ಟಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳುವವನು ಯಾವುದನ್ನೂ ಹುಡುಕಲಾರ. ಆದರೆ ಪ್ರತಿ ತೆಗೆದ ಮೇಲೆ ಅಳಿಸುತ್ತೇನೆ, ನನ್ನ ಕೈಯಿಂದಲೇ ಅಳಿಸುತ್ತೇನೆ.

ಸುರಪುರದ ಶಿಷ್ಯೆಗೆ ಅಂದು ಸಂಜೆ ಫೋನು ಮಾಡಿ, ಹಾಡು ಕಳೆದುಹೋಯಿತೆಂದು ಹೇಳಿದೆ. ಹೇಳುವಾಗ ದನಿ ನಡುಗಿತೆಂದು ಕಾಣುತ್ತದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ನಾ ಬಿ.ಎಡ್. ಓದೂ ಮುಂದ ನಿಮ್ಮ ಮನಿಗಿ ಬಂದಾಗ ಕೇಳಿ ಬರಕೊಂಡಿದ್ನಲ್ರಿ, ಒಂಬತ್ತು ಪದ ನನ್ನ ನೋಟ್‌ಬುಕ್ಕಿನ್ಯಾಗ ಅವ" ಎಂದಳು. ಮರುವಾರ ಅವನ್ನು ಅಂದವಾಗಿ ಬರೆದು ಕಳಿಸಿದಳು. ಹೀಗೆ ಅಕ್ಕನ ಮಾತು ಉಳಿಯಿತು. ಪದದ ನಡುವೆ ಆಕೆ ಉಸಿರು ಎಳೆದುಕೊಳ್ಳುವಾಗ ಕೇಳಿಸುತ್ತಿದ್ದ ಕಲ್ಲಿನ ಗರಗರ ಸದ್ದು ಮಾತ್ರ ಇನ್ನು ಕೇಳಿಸುವುದಿಲ್ಲ.

ನಿಮ್ಮ ಫೋನುಗಳಲ್ಲಿಯೂ ಅವ್ವನದೋ, ಮುತ್ಯಾನದೋ ದನಿ ಇರಬಹುದು. ಈ ಬರಹವನ್ನು ಓದಿ ಮುಗಿಸಿದ ಕೂಡಲೇ ಅದರ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಕಳುಹಿಸಿ, ತೆಗೆದಿಡಲು ಹೇಳಿ. ನಾಳೆ ಮಾಡೋಣವೆನ್ನಬೇಡಿ. ನಿಮ್ಮಲ್ಲಿ ಯಾರ ಬಳಿಯಾದರೂ ನನ್ನ ಅಕ್ಕ ಹಾಡಿದ ತುಣುಕು, ಮದುವೆಯ ವಿಡಿಯೋದ ಮೂಲೆಯಲ್ಲಾದರೂ ಸರಿ, ಉಳಿದಿದ್ದರೆ ನನಗೆ ದಯವಿಟ್ಟು ತಿಳಿಸಿ. ಕಾಯುತ್ತಿರುತ್ತೇನೆ.